ಮಣ್ಣೆತ್ತುಗಳ ಗೋದಲಿ

ಮಗಳು ಸತ್ತಾಗ ಈರಕ್ಕ ಅಳಲಿಲ್ಲ. ದಾಂಡೇಲಿಯ ಕಾಗದದ ಗಿರಣಿಯ ಹಿಂದಿದ್ದ ತಗಡಿನ ಚಾಳಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ನಾಗವ್ವನಿಗೆ ಆಗ ಆರು ವರ್ಷ. ಅರವತ್ತೊಂದನೆಯ ಇಸವಿಯ ಶ್ರಾವಣದಲ್ಲಿ, ಮಳೆ ಹಗಲು ರಾತ್ರಿ ಎನ್ನದೆ ಹೊಯ್ಯುತ್ತಿದ್ದಾಗ, ಹುಡುಗಿಗೆ ಜ್ವರ ಬಂತು. ಕಷಾಯ ಕುಡಿಸಿದರು, ದವಾಖಾನೆಗೆ ಹೊತ್ತೊಯ್ದು ಸೂಜಿ ಹಾಕಿಸಿದರು. ಜ್ವರ ನೆತ್ತಿಗೇರಿತು, ಮಗು ಯಾರನ್ನೂ ಗುರುತಿಸದಾಯಿತು, ಮುಗಿಯಿತು. ಅಯ್ಯನವರು ಬಂದು ವಿಭೂತಿ ಹಚ್ಚಿದರು. ಕಾಡಿನ ಅಂಚಿನ ದಿಬ್ಬದಲ್ಲಿ ಕೂರಿಸಿ ಮಣ್ಣು ಕೊಟ್ಟರು. ಗಂಡ ಉಳವಪ್ಪ ಕೆಸರಿನಲ್ಲೇ ಬಿದ್ದು ಹೊರಳಾಡಿ ಅತ್ತ. ಈರಕ್ಕ ಅವನ ಧೋತರಕ್ಕೆ ಅಂಟಿದ ಕೆಸರನ್ನು ನೋಡುತ್ತ, ಇದನ್ನು ಇವತ್ತೇ ನೆನೆಹಾಕದಿದ್ದರೆ ಕಲೆ ಉಳಿಯುತ್ತದೆ ಎಂದುಕೊಂಡಳು.

ಅವಳು ಮುಂಡಗೋಡ ಕಡೆಯ ಸನವಳ್ಳಿಯವಳು. ಗಿರಣಿ ಶುರುವಾದ ಹೊಸತರಲ್ಲಿ ಗಂಡನ ಹಿಂದೆ ಬಂದಿದ್ದಳು. ಉಳವಪ್ಪನಿಗೆ ಯಾರ್ಡಿನಲ್ಲಿ ಬಿದಿರು ಒಟ್ಟುವ ಕೆಲಸ. ಅವನ ಹೆಸರು ಉಳವಿಯ ಚೆನ್ನಬಸವಣ್ಣನದು, ಮಗಳಿಗೆ ಇಟ್ಟದ್ದು ಉಳವಿಗೆ ಬಂದ ಅಕ್ಕನಾಗಮ್ಮನ ಹೆಸರು. ಚಾಳಿನಲ್ಲಿ ಈರಕ್ಕ ನಗುವವಳೆಂದು ಹೆಸರಾಗಿದ್ದಳು. ನಲ್ಲಿಯ ಹತ್ತಿರ ನಾಲ್ಕು ಹೆಂಗಸರು ಸೇರಿದರೆ ಇವಳ ಮಾತಿಗೇ ಕೊಡಗಳು ತುಂಬಿ ಹರಿದು ಹೋಗುತ್ತಿದ್ದವು. ಈಗ ಅದೇ ನಲ್ಲಿಯ ಹತ್ತಿರ ಅವಳು ಬಂದಾಗ ಉಳಿದವರ ಮಾತು ನಿಲ್ಲುತ್ತಿತ್ತು. ಹೆತ್ತ ಕರುಳು ಹೀಗಿರುತ್ತದೆಯೇ ಎಂದು ಕೆಲವರು ಆಡಿಕೊಂಡರು. ಪಕ್ಕದ ಮನೆಯ ಮುದುಕಿ ಮುದಕವ್ವ ಮಾತ್ರ ಅವಳನ್ನು ಕೂರಿಸಿಕೊಂಡು, ಅತ್ತುಬಿಟ್ಟರೆ ಎದೆ ಹಗುರಾಗುತ್ತದೆ ಎಂದು ಬುದ್ಧಿ ಹೇಳಿದಳು. ಈರಕ್ಕ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು, ಸೆರಗು ಬಾಯಿಗಿಟ್ಟು, ಅಳುವ ದನಿ ತೆಗೆದೂ ನೋಡಿದಳು. ಯಾರನ್ನೋ ಅಣಕಿಸಿದ ಹಾಗೆ ಕೇಳಿಸಿತು. ನಿಲ್ಲಿಸಿ, ಎದ್ದು, ಅಕ್ಕಿ ಆರಿಸಿದಳು.

ಕೆಲಸಕ್ಕೆ ಮತ್ತೆ ಹೋದಳು. ಅವಳ ಕೆಲಸ ಇದ್ದದ್ದು ಫಿಲೋಮಿನಾ ಅಕ್ಕೋರ ಬಾಲವಾಡಿಯಲ್ಲಿ. ಕಸ ಗುಡಿಸುವುದು, ಪುಡಿಹಾಲು ಕಾಯಿಸಿ ಮಕ್ಕಳಿಗೆ ಕೊಡುವುದು, ಮೂಗು ಒರೆಸುವುದು. ನಾಗವ್ವ ಅಲ್ಲೇ ಕಲಿಯುತ್ತಿದ್ದಳು. ಮೊದಲ ದಿನ ಈರಕ್ಕ ಹಾಲಿನ ಲೋಟಗಳನ್ನು ಸಾಲಾಗಿ ಇಟ್ಟಾಗ ಒಂದು ಲೋಟ ಹೆಚ್ಚಾಗಿತ್ತು. ಅದನ್ನು ಅವಳೇ ಕುಡಿದು ತೊಳೆದಿಟ್ಟಳು. ಅಕ್ಕೋರು ಅದನ್ನು ಕಂಡು ಒಳಗೆ ಹೋದರು.

ಫಿಲೋಮಿನಾ ಗೋವೆಯವರು. ವಯಸ್ಸು ನಾಲ್ವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಗಿರಣಿಯಲ್ಲಿ ಕಾರಕೂನನಾಗಿದ್ದ ಅಣ್ಣನ ಜೊತೆ ಬಂದವರು, ಅವನಿಗೆ ಮುಂಬಯಿಯಲ್ಲಿ ಬೇರೆ ಕೆಲಸ ಸಿಕ್ಕ ಮೇಲೂ ಮಕ್ಕಳನ್ನು ಬಿಟ್ಟು ಹೋಗಲಾಗದೆ ಇಲ್ಲೇ ಉಳಿದಿದ್ದರು. ಅವರ ತಾಯಿ ಗಡಿಯಾಚೆಯ ಹಳ್ಳಿಯಲ್ಲಿದ್ದಳು. ಪೋರ್ತುಗೀಜರ ಕಾಲ, ಗಡಿ ಮುಚ್ಚಿ ವರ್ಷಗಳಾಗಿದ್ದವು. ಜೋಯಿಡಾದ ಕಾಡು ದಾಟಿದರೆ ತಾಯಿಯ ಮನೆ, ಆದರೆ ದಾಟುವ ಹಾಗಿರಲಿಲ್ಲ. ಕದ್ದು ಬಂದವರ ಬಾಯಿಂದ ಸುದ್ದಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಈಚೆಗೆ ಬಹಳ ದಿನಗಳಿಂದ ಏನೂ ಬಂದಿರಲಿಲ್ಲ.

ಡಿಸೆಂಬರ್ ತಿಂಗಳು ಹುಟ್ಟಿದೊಡನೆ ಬಾಲವಾಡಿಯಲ್ಲಿ ನತಾಲದ ತಯಾರಿ ಶುರುವಾಗುತ್ತಿತ್ತು. ಕ್ರಿಸ್ಮಸ್‌ಗೆ ಅಕ್ಕೋರು ಹೇಳುತ್ತಿದ್ದ ಹೆಸರು ಅದು. ಮಕ್ಕಳಲ್ಲಿ ಕ್ರಿಸ್ತರು ನಾಲ್ಕೈದು ಮಂದಿ ಅಷ್ಟೇ. ಉಳಿದವರು ಹಳಿಯಾಳ, ಮುಂಡಗೋಡ ಕಡೆಯ ಕೂಲಿಗಳ ಮಕ್ಕಳು, ಬಿದಿರು ಕಡಿಯುವ ಲಂಬಾಣಿಗಳ ಮಕ್ಕಳು, ಎಲ್ಲಿಂದಲೋ ಬಂದ ತೆಲುಗರ ಮಕ್ಕಳು. ಆದರೆ ಕಾಗದ ಕತ್ತರಿಸಿ ಅಂಟಿಸುವ ಕೆಲಸ ಯಾವ ಜಾತಿಯ ಮಗುವಿಗೆ ಬೇಡ? ಆ ವರ್ಷ ಅಕ್ಕೋರು ಈರಕ್ಕನನ್ನು ಕರೆದು, ಮನಸ್ಸಿಲ್ಲದಿದ್ದರೆ ಸಂಜೆ ಬೇಗ ಮನೆಗೆ ಹೋಗಬಹುದು, ಇದನ್ನೆಲ್ಲ ತಾನೇ ಮಾಡಿಸುತ್ತೇನೆ ಎಂದರು. ಮನಸ್ಸು ಎಂಬುದು ಎಲ್ಲಿದೆಯೆಂದು ಈರಕ್ಕನಿಗೆ ತಿಳಿದಿದ್ದರೆ ತಾನೇ ಉತ್ತರ ಕೊಡುವುದು. ಅಂಟು ಕಾಯಿಸಬೇಕೇನು ಎಂದಷ್ಟೇ ಕೇಳಿದಳು.

ಮೈದಾಹಿಟ್ಟು ಕಲಸಿ ಅಂಟು ಕಾಯಿಸಿದಳು. ಗಿರಣಿಯಿಂದ ಬಂದ ರದ್ದಿ ಕಾಗದದ ಅಂಚುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು, ಬರೀ ಬಿಳಿ. ಬಣ್ಣದ ಕಾಗದ ಪೇಟೆಯಲ್ಲಿ ಸಿಗುತ್ತಿತ್ತು, ಆದರೆ ಅಷ್ಟೊಂದು ಮಕ್ಕಳಿಗೆ ಸಾಲುವಷ್ಟು ಯಾರು ತರಬೇಕು? ಬೋಗುಣಿಯಲ್ಲಿ ಅರಿಷಿಣ ಕದಡಿದರು, ಬಟ್ಟೆಗೆ ಹಾಕುವ ನೀಲಿ ಕದಡಿದರು, ಬೇಲಿಯ ಬಸಳೆ ಹಣ್ಣು ಹಿಂಡಿದರು. ಅರಿಷಿಣದ ನೀರಿಗೆ ಈರಕ್ಕ ಚಿಟಿಕೆ ಸುಣ್ಣ ಹಾಕಿದಾಗ ಹಳದಿ ಕೆಂಪಾಯಿತು. ಮಕ್ಕಳು ಬಾಯಿ ತೆರೆದು ನೋಡಿದವು. ಹಗ್ಗದ ಮೇಲೆ ಕಾಗದಗಳು ಒಣಗುತ್ತಿರುವಾಗ ಅಂಗಳವೆಲ್ಲ ಬಣ್ಣಬಣ್ಣವಾಗಿ ಕಾಣುತ್ತಿತ್ತು. ಈರಕ್ಕನ ಬೆರಳುಗಳೂ ಕೆಂಪಾಗಿದ್ದವು. ಅವು ಯಾರದೋ ಬೆರಳುಗಳೆಂಬಂತೆ ಅವಳು ಆಗಾಗ ಅವನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದಳು.

ಹಿಂದಿನ ವರ್ಷಗಳ ಅಲಂಕಾರವನ್ನು ಅಕ್ಕೋರು ಒಂದು ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಅದನ್ನು ಬಿಚ್ಚಿದಾಗ ಮಕ್ಕಳೆಲ್ಲ ಮುಗಿಬಿದ್ದವು. ಲಂಬಾಣಿ ರೂಪ್ಲಪ್ಪನ ಮಗಳು ಜಾನಕಿ, ಏಳು ವರ್ಷದವಳು, ಎಲ್ಲರಿಗಿಂತ ಮುಂದೆ ನುಗ್ಗಿ ಒಂದು ಕಾಗದದ ಹಕ್ಕಿಯನ್ನು ಎತ್ತಿಹಿಡಿದಳು. ಒಂದು ರೆಕ್ಕೆ ದೊಡ್ಡದು, ಇನ್ನೊಂದು ಚಿಕ್ಕದು.

“ಇದು ನಾಗಿದು,” ಎಂದಳು ಜಾನಕಿ.

ಅಕ್ಕೋರು ಅವಸರದಿಂದ ಕೈ ಚಾಚಿ ಹಕ್ಕಿಯನ್ನು ತೆಗೆದುಕೊಳ್ಳಲು ಹೋದರು. ಅಷ್ಟರಲ್ಲಿ ಈರಕ್ಕ ಅದನ್ನು ಇಸಿದುಕೊಂಡಿದ್ದಳು. ಅಂಗೈ ಮೇಲೆ ಇಟ್ಟು ನೋಡಿದಳು. ಮಗಳು ಇದನ್ನು ಮಾಡಿದ ದಿನ ಅವಳಿಗೆ ನೆನಪಿತ್ತು. ಕತ್ತರಿ ಕೈಗೆ ಸಿಗದೆ ಹಟ ಹಿಡಿದದ್ದು, ಮೂಗಿಗೆ ಅಂಟು ಮೆತ್ತಿಕೊಂಡದ್ದು. ಈಗ ಅಳು ಬರುತ್ತದೆ ಎಂದು ಅವಳು ಕಾದಳು. ಎಲ್ಲರೂ ಕಾದರು. ಅಕ್ಕೋರ ಕಣ್ಣು ಆಗಲೇ ತುಂಬಿದ್ದವು. ಹಕ್ಕಿ ಕಾಗದದ್ದಾಗಿತ್ತು, ಹಗುರವಾಗಿತ್ತು, ಅಷ್ಟೇ.

“ಇದನ್ನ ಎಲ್ಲೆ ಕಟ್ಟೂಣ್ರಿ?” ಎಂದು ಈರಕ್ಕ ಕೇಳಿದಳು.

ಕಿಟಕಿಯ ಸರಳಿಗೆ ಕಟ್ಟಿದರು. ಆ ದಿನ ಮನೆಗೆ ಹೋಗುವಾಗ ದಾರಿಯಲ್ಲಿ ಅವಳಿಗೆ ಭಯವಾಯಿತು ಎಂದರೆ ಪೂರ್ತಿ ನಿಜವಲ್ಲ. ಭಯವಾಗಬೇಕಿತ್ತು ಎಂದು ಅನ್ನಿಸಿತು. ತಾನೂ ಮಗಳ ಜೊತೆ ಹೋಗಿಬಿಟ್ಟಿದ್ದು, ನೀರು ತುಂಬುವುದಕ್ಕೂ ರೊಟ್ಟಿ ಬಡಿಯುವುದಕ್ಕೂ ಬೇಕೆಂದು ಮೈಯೊಂದನ್ನು ಬಿಟ್ಟುಹೋದ ಹಾಗಿತ್ತು.

ಪೆಟ್ಟಿಗೆಯಲ್ಲಿ ಗೋದಲಿಯ ಗೊಂಬೆಗಳೂ ಇದ್ದವು. ಏಸು ಹುಟ್ಟಿದ ದನದ ಕೊಟ್ಟಿಗೆಯನ್ನು ಹುಲ್ಲು, ಕಡ್ಡಿಗಳಿಂದ ಮಾಡಿ, ಒಳಗೆ ಗೊಂಬೆಗಳನ್ನು ಇಡುತ್ತಾರಲ್ಲ, ಅದು ಗೋದಲಿ. ಪಿಂಗಾಣಿಯ ಆ ಗೊಂಬೆಗಳನ್ನು ಅಕ್ಕೋರು ತಾಯಿಯ ಮನೆಯಿಂದ ತಂದಿದ್ದರು. ಈ ಸಲ ತೆಗೆದು ನೋಡಿದರೆ ಎತ್ತಿನ ತಲೆ ಮುರಿದಿತ್ತು. ಕೊಟ್ಟಿಗೆಯೆಂದ ಮೇಲೆ ಎತ್ತಿಲ್ಲದೆ ಹೇಗೆ ಎಂದು ಮಕ್ಕಳು ಮುಖ ಸಪ್ಪೆ ಮಾಡಿಕೊಂಡವು. ಮರುದಿನ ಈರಕ್ಕ ಹುತ್ತದ ಮಣ್ಣು ತಂದು, ಕಲಸಿ, ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡುವ ಹಾಗೆಯೇ ಎತ್ತು ಮಾಡಿದಳು. ಒಂದೇ ಎತ್ತು ಸಾಕು ಎಂದರು ಅಕ್ಕೋರು. ಒಂಟಿ ಎತ್ತು ಮಾಡುವ ರೂಢಿ ತಮ್ಮಲ್ಲಿಲ್ಲ ಎಂದು ಅವಳು ಜೋಡಿ ಮಾಡಿದಳು. ಅದನ್ನು ಕಂಡ ಪ್ರತಿಯೊಂದು ಮಗುವಿಗೂ ತನ್ನದೊಂದು ಜೋಡಿ ಬೇಕಾಯಿತು. ಗುಲಗಂಜಿಯ ಕಣ್ಣು, ಬಣ್ಣದ ಕಾಗದದ ಜೂಲು, ಕಡ್ಡಿಯ ನೊಗ. ವಾರ ಕಳೆಯುವುದರೊಳಗೆ ಜಗುಲಿಯ ತುಂಬ ಎತ್ತುಗಳು ಒಣಗುತ್ತ ನಿಂತಿದ್ದವು. ಇಷ್ಟು ದನಗಳ ನಡುವೆ ಕೂಸನ್ನು ಎಲ್ಲಿ ಮಲಗಿಸುವುದು ಎಂದು ಅಕ್ಕೋರು ನಕ್ಕರು.

ಆ ನಗುವಿನಲ್ಲೂ ಅವರ ಕಿವಿ ಬೇರೆಡೆಗೆ ಇರುತ್ತಿತ್ತು. ಲೋಂಡಾ ದಾರಿಯಲ್ಲಿ ಮಿಲಿಟರಿ ತುಂಬಿದ ರೈಲುಗಳು ಹೋಗುತ್ತಿವೆ ಎಂದು ಬಂದವರು ಹೇಳುತ್ತಿದ್ದರು. ಗೋವೆಯ ಮೇಲೆ ಯುದ್ಧವಾಗುತ್ತದೆ, ವಿಮಾನ ಬರುತ್ತವೆ, ಮನೆ ಹೊರಗೆ ದೀಪ ಇಡಬಾರದು ಎಂದೆಲ್ಲ ಪೇಟೆಯಲ್ಲಿ ಗಾಳಿಮಾತು. ಅಕ್ಕೋರು ಮಧ್ಯಾಹ್ನದ ಹೊತ್ತು ಪಕ್ಕದ ಮನೆಯ ರೇಡಿಯೋದ ಮುಂದೆ ನಿಂತು ಬರುತ್ತಿದ್ದರು. ಮರಳಿ ಬಂದು ಕಾಗದದ ಸರಪಳಿಗೆ ಕೊಂಡಿ ಸೇರಿಸುತ್ತಿದ್ದರು. ಸರಪಳಿ ಜಗುಲಿಯನ್ನು ಎರಡು ಸುತ್ತು ಸುತ್ತಿದರೂ ಸೇರಿಸುತ್ತಲೇ ಇದ್ದರು.

ಈರಕ್ಕ ನಕ್ಷತ್ರ ಕಟ್ಟಲು ಕುಳಿತಳು. ಉಳವಪ್ಪ ತಂದುಕೊಟ್ಟ ಬಿದಿರನ್ನು ಕೊಯ್ತಾ ಕತ್ತಿಯಿಂದ ಸೀಳಿ, ಕಡ್ಡಿ ಹೆರೆದು, ಐದು ಮೂಲೆಯ ಎರಡು ಚೌಕಟ್ಟು ಕಟ್ಟಿ, ನಡುವೆ ಒತ್ತುಗಡ್ಡಿ ಕೊಟ್ಟು ಹೊಟ್ಟೆ ಉಬ್ಬಿಸಬೇಕು. ದೀಪಾವಳಿಯ ಆಕಾಶಬುಟ್ಟಿ ಕಟ್ಟಿ ಗೊತ್ತಿದ್ದವರಿಗೆ ಕಷ್ಟವಲ್ಲ. ಮಕ್ಕಳು ದಾರ ಹಿಡಿದು ಕೂತಿದ್ದವು. ಬಿಳಿ ಕಾಗದ ಅಂಟಿಸುವಾಗ ಜಾನಕಿ ಅದರ ಮೇಲೆ ಕೆಂಪು ಕಲೆ ಕಂಡು, ಸುಣ್ಣದ ಬಣ್ಣ ಇನ್ನೂ ಹಸಿ ಇದೆ ಎಂದುಕೊಂಡಳು. ಆಮೇಲೆ ಈರಕ್ಕನ ಕೈ ಹಿಡಿದು ತಿರುಗಿಸಿದಳು. ಬಿದಿರಿನ ಸಿಬಿರು ಅಂಗೈಯಲ್ಲಿ ಬೆರಳುದ್ದ ಹೊಕ್ಕಿತ್ತು.

“ನೋವ ಆಗ್ಲಿಲ್ಲೇನ ನಿನಗ?”

“ಗೊತ್ತಾಗ್ಲಿಲ್ಲವ್ವ.”

ಜಾನಕಿ ತನ್ನ ಹಲ್ಲಿನಿಂದ ಅದನ್ನು ಎಳೆದು ತೆಗೆದು ಅಂಗಳಕ್ಕೆ ಉಗಿದಳು. ಅವಳ ತಾಯಿ ಕಾಡಿನಲ್ಲಿ ಹಾಗೆ ತೆಗೆಯುತ್ತಿದ್ದಳಂತೆ. ಕಲೆ ಬಿದ್ದ ಕಾಗದದ ಮೇಲೆ ಇನ್ನೊಂದು ಕಾಗದ ಅಂಟಿಸಿದರು.

ಹತ್ತೊಂಬತ್ತನೆಯ ತಾರೀಖು ಗೋವೆ ಬಿಡುಗಡೆಯಾಯಿತೆಂದು ರೇಡಿಯೋ ಹೇಳಿತು. ಪೇಟೆಯಲ್ಲಿ ಸಕ್ಕರೆ ಹಂಚಿದರು. ಅಕ್ಕೋರು ಓಡುತ್ತ ಬಂದು, ಜಗುಲಿಯಲ್ಲಿ ಕೂತಿದ್ದ ಮಕ್ಕಳನ್ನೆಲ್ಲ ಒಬ್ಬೊಬ್ಬರನ್ನಾಗಿ ಎತ್ತಿ ಗಿರಿಗಿರಿ ತಿರುಗಿಸಿದರು. ದಾರಿ ತೆರೆದ ಕೂಡಲೇ ತಾಯಿಯ ಬಳಿ ಹೋಗುವುದಾಗಿ ಹೇಳಿ, ಅವಳಿಗೆ ಒಯ್ಯಲು ಬೇರೆಯದೇ ಒಂದು ಚಿಕ್ಕ ನಕ್ಷತ್ರ ಕಟ್ಟಿಕೊಡು ಎಂದು ಈರಕ್ಕನನ್ನು ಕೇಳಿದರು. ಮಡಚಿ ಒಯ್ಯಲು ಬರುವ ಹಾಗೆ ಈರಕ್ಕ ಅದನ್ನೂ ಕಟ್ಟಿದಳು.

ಅಕ್ಕೋರು ಹೊರಡುವುದರೊಳಗೆ ಅಲ್ಲಿಂದಲೇ ಒಬ್ಬ ಬಂದ. ಅವರ ಚಿಕ್ಕಪ್ಪನ ಮಗ ಮಿಂಗೇಲ್. ಕಾಡುದಾರಿ ಹಿಡಿದು ಕುಂಬಾರವಾಡದ ಮೇಲೆ ಹಾಯ್ದು, ಸಿಕ್ಕ ಬಿದಿರಿನ ಲಾರಿ ಹತ್ತಿ ಬಂದಿದ್ದ. ನತಾಲಕ್ಕೆ ಇನ್ನೆರಡು ದಿನ ಇತ್ತು. ಮಕ್ಕಳು ಆಗಷ್ಟೇ ಮನೆಗೆ ಹೋಗಿದ್ದವು, ಈರಕ್ಕ ಜಗುಲಿ ಗುಡಿಸುತ್ತಿದ್ದಳು. ಅವನನ್ನು ಕಂಡ ಅಕ್ಕೋರು ಕೊಂಕಣಿಯಲ್ಲಿ ಒಂದೇ ಸಮನೆ ಏನೇನೋ ಕೇಳಿದರು. ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ. ಈರಕ್ಕನಿಗೆ ಕೊಂಕಣಿ ಬಾರದು, ಆದರೂ ತಿಳಿಯಿತು. ತಾಯಿ ಹೋದ ವರ್ಷದ ಮಳೆಗಾಲದಲ್ಲೇ ತೀರಿಕೊಂಡಿದ್ದಳು. ಯಾರೋ ಒಬ್ಬನ ಬಾಯಲ್ಲಿ ಹೇಳಿ ಕಳಿಸಿದ್ದರಂತೆ. ಆ ಒಬ್ಬ ಇಲ್ಲಿಯವರೆಗೆ ಬರಲೇ ಇಲ್ಲ.

ಅಕ್ಕೋರು ಅತ್ತರು. ನೆಲಕ್ಕೆ ಕುಸಿದು, ತಲೆಗೂದಲು ಬಿಚ್ಚಿ, ಊರಿಗೆಲ್ಲ ಕೇಳುವಂತೆ ಅತ್ತರು. ಅಷ್ಟು ಶಿಸ್ತಿನ ಹೆಂಗಸು, ಸೀರೆಯ ನೆರಿಗೆ ಎಂದೂ ಕದಲದವರು, ಬಾಯಿಂದ ಜೊಲ್ಲು ಸುರಿದರೂ ಒರೆಸಿಕೊಳ್ಳಲಿಲ್ಲ. ಈರಕ್ಕ ಪೊರಕೆ ಹಿಡಿದು ನಿಂತೇ ನೋಡಿದಳು. ಹಸಿದವರು ಬೇರೆಯವರ ತಾಟಿನ ಊಟ ನೋಡುವ ಹಾಗೆ ಅವಳು ಆ ಅಳುವನ್ನು ನೋಡಿದಳು. ಆಮೇಲೆ ಪೊರಕೆ ಕೆಳಗಿಟ್ಟು, ಹೋಗಿ ಪಕ್ಕದಲ್ಲಿ ಕೂತು, ಅಕ್ಕೋರ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಎಷ್ಟೋ ಹೊತ್ತಿನ ಮೇಲೆ ಫಿಲೋಮಿನಾ ಕೇಳಿದರು: “ಈರಕ್ಕ, ನೀ ಹೆಂಗ ತಡಕೊಂಡಿ?”

“ನಾ ತಡಕೊಂಡಿಲ್ರಿ ಅಕ್ಕೋರ,” ಎಂದಳು ಈರಕ್ಕ. “ನನಗ ಅದು ಬಂದ ಇಲ್ಲ. ಎಲ್ಲೆ ಐತ್ಯೋ, ಯಾವಾಗ ಬರತೈತ್ಯೋ, ಗೊತ್ತಿಲ್ಲ.”

ಈ ಮಾತನ್ನು ಅವಳು ಗಂಡನಿಗೂ ಹೇಳಿರಲಿಲ್ಲ. ಅಕ್ಕೋರು ಅವಳ ಕೈಯನ್ನು ಹಿಡಿದುಕೊಂಡೇ ಮಲಗಿದ್ದರು.

ಮರುದಿನ ಅಕ್ಕೋರು ಹಾಸಿಗೆ ಬಿಟ್ಟು ಏಳಲಿಲ್ಲ. ಮಕ್ಕಳು ಬಂದವು. ಜಗುಲಿಯಲ್ಲಿ ಅರ್ಧ ಕಟ್ಟಿದ ಕೊಟ್ಟಿಗೆ, ಹುಲ್ಲು, ಎತ್ತುಗಳ ಹಿಂಡು, ಇನ್ನೂ ತೂಗುಹಾಕದ ನಕ್ಷತ್ರ. ದೊಡ್ಡ ಹುಡುಗನೊಬ್ಬ, ಶೇಖಪ್ಪ ಎಂಬವನು, ಅಕ್ಕೋರ ಅವ್ವ ಸತ್ತಿದ್ದಾಳಂತೆ, ಸೂತಕದಲ್ಲಿ ಹಬ್ಬ ಮಾಡಬಾರದಂತೆ ಎಂದು ಎಲ್ಲರಿಗೂ ಹೇಳಿದ. ಮಕ್ಕಳೆಲ್ಲ ಈರಕ್ಕನ ಮುಖ ನೋಡಿದವು. ಕೇಳಬೇಕಾದವರು ಒಳಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹೆಂಗಸು ಕ್ರಿಸ್ತರ ಹಬ್ಬದ ತೀರ್ಮಾನ ಮಾಡಬೇಕಾಗಿ ಬಂತು.

“ನಮ್ಮಾಗ ಸೂತಕ ಅನ್ನೂದ ಇಲ್ಲ,” ಎಂದಳು. “ಹುಟ್ಟು ಕೂಸಿಗೆ ಯಾರ ಸತ್ತಾರ ಅಂತ ಏನ ಗೊತ್ತು? ಹಬ್ಬ ಮಾಡೂಣು. ಹುಲ್ಲ ತರ್ರಿ.”

ಗೊಂಬೆಗಳನ್ನು ಹೇಗೆ ಜೋಡಿಸಬೇಕೆಂದು ಅವಳಿಗೆ ತಿಳಿಯದು. ಜಾನಕಿ ಹೋದ ವರ್ಷ ಕಂಡದ್ದನ್ನು ನೆನಪು ಮಾಡಿಕೊಂಡು ಹೇಳುತ್ತ ಹೋದಳು, ಕ್ರಿಸ್ತರ ಮಕ್ಕಳು ಅಲ್ಲ ಎಂದು ಜಗಳ ತೆಗೆದವು. ಕುರಿ ಕಾಯುವವರು ಒಂದು ಕಡೆ, ಕಿರೀಟದವರು ಇನ್ನೊಂದು ಕಡೆ. ಕೊಟ್ಟಿಗೆಯ ಸುತ್ತ ಮಣ್ಣೆತ್ತುಗಳು ಜೋಡಿ ಜೋಡಿಯಾಗಿ ನಿಂತವು. ಒಳಗೆ ಜಾಗ ಸಾಲದ್ದಕ್ಕೆ ಉಳಿದವನ್ನು ಮೆಟ್ಟಿಲ ತನಕ ಸಾಲು ಹಚ್ಚಿದರು. ಕೂಸಿನ ಗೊಂಬೆ ಕೈಗೆ ಸಿಕ್ಕಾಗ ಈರಕ್ಕ ಅದಕ್ಕೆ ಚಳಿಯಾದೀತೆಂದು ಹತ್ತಿಯ ಅರಳೆ ಹೊದಿಸಿ ಹುಲ್ಲಿನ ಮೇಲೆ ಮಲಗಿಸಿದಳು. ಹಬ್ಬದ ಹಿಂದಿನ ಸಂಜೆ ಹೊತ್ತು ಮುಳುಗುವಾಗ ಉಳವಪ್ಪ ಪಾಳಿ ಮುಗಿಸಿ ಬಂದು, ನಕ್ಷತ್ರವನ್ನು ಬಿದಿರಿನ ಗಳದ ತುದಿಗೆ ಕಟ್ಟಿ, ಒಳಗೆ ಪಣತಿ ಇಟ್ಟು ಏರಿಸಿದ.

ಬೆಳಕು ಕಾಗದದಿಂದ ತೂರಿ ಬಂದಾಗ ಮಕ್ಕಳು ಕೂಗಿದವು. ಆ ಕೂಗಿಗೆ ಅಕ್ಕೋರು ಬಾಗಿಲಿಗೆ ಬಂದು ನಿಂತರು. ಮುಖ ಬಾತಿತ್ತು. ಮೊದಲು ಎತ್ತುಗಳ ಸಾಲನ್ನು ನೋಡಿದರು, ಆಮೇಲೆ ಕೊಟ್ಟಿಗೆಯ ಒಳಗೆ ಬಗ್ಗಿ ನೋಡಿದರು. ಕೂಸನ್ನು ರಾತ್ರಿಯ ಪೂಜೆಯಾಗುವ ತನಕ ಇಡಬಾರದು, ಹುಟ್ಟಿದ ಮೇಲೆ ಇಡಬೇಕು ಎಂದು ಅವರ ಪದ್ಧತಿ. ಕ್ರಿಸ್ತರ ಹುಡುಗಿಯೊಬ್ಬಳು ತಾನು ಆಗಲೇ ಹೇಳಿದ್ದೆ, ಈರಕ್ಕ ಕೇಳಲಿಲ್ಲ ಎಂದು ದೂರಿದಳು. ಈರಕ್ಕ ತೆಗೆಯಲು ಕೈ ಹಾಕಿದಳು.

“ಇರಲಿ ಬಿಡು,” ಎಂದರು ಅಕ್ಕೋರು. “ಮಲಗೇತಿ. ಎಬ್ಬಸಬ್ಯಾಡ.”

ಈರಕ್ಕನ ಜೀವನದಲ್ಲಿ ಆ ಸಂಜೆಯಿಂದ ಏನಾದರೂ ಬದಲಾಯಿತೇ ಎಂದರೆ, ಹಾಗೇನೂ ಕಾಣಲಿಲ್ಲ. ಮನೆಗೆ ಹೋಗಿ ರೊಟ್ಟಿ ಬಡಿದಳು. ಸಂಕ್ರಾಂತಿ ಬಂತು, ಹೋಯಿತು. ಫಿಲೋಮಿನಾ ಜನವರಿಯಲ್ಲಿ ಗೋವೆಗೆ ಹೋಗಿ, ಆ ಚಿಕ್ಕ ನಕ್ಷತ್ರವನ್ನು ತಾಯಿಯ ಗೋರಿಯ ಶಿಲುಬೆಗೆ ಕಟ್ಟಿ, ಬಾಲವಾಡಿಗೆ ಮರಳಿದರು. ಅರವತ್ತಮೂರರಲ್ಲಿ ಈರಕ್ಕನಿಗೆ ಗಂಡುಮಗು ಹುಟ್ಟಿತು. ಬಸಲಿಂಗ ಎಂದು ಹೆಸರಿಟ್ಟರು. ಈಗಾದರೂ ನಗುತ್ತಾಳೇನೋ ಎಂದು ಚಾಳಿನ ಹೆಂಗಸರು ನೋಡಿದರು. ಅವಳು ಹಾಲೂಡಿಸಿದಳು, ಎಣ್ಣೆ ನೀರು ಹಾಕಿದಳು, ತೊಟ್ಟಿಲು ತೂಗಿದಳು. ಯಾವುದರಲ್ಲೂ ಕೊರತೆ ಮಾಡಲಿಲ್ಲ. ಆ ಮಗುವಿನ ಮೇಲೆ ಪ್ರೀತಿ ಬಂತೇ ಎಂದು ಅವಳನ್ನು ಕೇಳಿದ್ದರೆ, ಹೇಳಲು ಅವಳಿಗೆ ತಿಳಿಯುತ್ತಿರಲಿಲ್ಲ.

ಅರವತ್ತೈದರ ನವೆಂಬರಿನಲ್ಲಿ ಗಂಡಹೆಂಡಿರು ಹಳಿಯಾಳದ ಸಂತೆಗೆ ಹೋದರು. ಮಗನಿಗೆ ಅಂಗಿ ತೆಗೆದುಕೊಳ್ಳಬೇಕಿತ್ತು. ಅವನನ್ನು ಮುದಕವ್ವನ ಬಳಿ ಬಿಟ್ಟು ಬಂದಿದ್ದರು. ಬಟ್ಟೆ ಅಂಗಡಿಯ ಮಲಕಪ್ಪ ಗಾದಿಯ ಮೇಲೆ ಕೂತು, ಕೂಸಿಗೆ ಎಷ್ಟು ವಯಸ್ಸು ತಂಗಿ ಎಂದು ಕೇಳಿದ.

“ಹತ್ತರಿ,” ಎಂದಳು ಈರಕ್ಕ.

ಅವನು ಹತ್ತು ವರ್ಷದವರ ಅಂಗಿಗಳ ಗಂಟು ಬಿಚ್ಚಿದ. ಉಳವಪ್ಪ ಹೆಂಡತಿಯ ಮುಖ ನೋಡಿ, ನಮ್ಮ ಹುಡುಗನಿಗೆ ಎರಡು ವರ್ಷ ಎಂದು ಮೆಲ್ಲಗೆ ತಿದ್ದಿದ. ಮಲಕಪ್ಪ ನಕ್ಕು, ಗಂಟನ್ನು ಮತ್ತೆ ಕಟ್ಟತೊಡಗಿದ. ಈರಕ್ಕ ಆ ಅಂಗಿಗಳ ಉದ್ದ ನೋಡಿದಳು. ತೋಳು ಎಲ್ಲಿಯವರೆಗೆ ಬರುತ್ತಿತ್ತು, ಅಂಚು ಎಲ್ಲಿಯವರೆಗೆ. ನಾಗವ್ವ ಇದ್ದಿದ್ದರೆ ಇಷ್ಟು ಎತ್ತರವಾಗಿರುತ್ತಿದ್ದಳು. ನಿಂತರೆ ತಲೆ ತನ್ನ ಎದೆಗೆ ಬರುತ್ತಿತ್ತು.

ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಅಳುವ ದನಿ ತಾನಾಗಿಯೇ ಹೊರಬಿತ್ತು. ಸಂತೆಯ ಜನ ನಿಂತು ನೋಡಿದರು. ಉಳವಪ್ಪ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟು, ಬಿಸಿಲು ಅವಳ ಮುಖಕ್ಕೆ ಬೀಳದಂತೆ ಅಡ್ಡಲಾಗಿ ನಿಂತ. ಬಹಳ ಹೊತ್ತು ನಿಂತ. ಮಲಕಪ್ಪ ತಂಬಿಗೆಯಲ್ಲಿ ನೀರು ತಂದಿಟ್ಟು, ಬೇರೆ ಗಿರಾಕಿಗಳ ಕಡೆ ತಿರುಗಿದ.

ಆಮೇಲೆ ಅವಳು ಮುಖ ತೊಳೆದುಕೊಂಡು, ಎರಡು ವರ್ಷದವನಿಗೆ ಆಗುವ ನೀಲಿ ಅಂಗಿಯೊಂದನ್ನು ಆರಿಸಿದಳು. ಬೆಳೆಯುವ ಹುಡುಗ, ತುಸು ದೊಡ್ಡದೇ ಇರಲಿ ಎಂದಳು. ದಾಂಡೇಲಿಯ ಬಸ್ಸು ತಡವಾಗಿ ಬಂತು, ಕೂರಲು ಜಾಗವಿರಲಿಲ್ಲ. ಇಬ್ಬರೂ ನಿಂತುಕೊಂಡೇ ಹೋದರು.